ಕರುವಿಗೆ ಬಿಟ್ಟ ತೊಟ್ಟು

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ನಮ್ಮ ಪಶುವೈದ್ಯ ವಿಶ್ವವಿದ್ಯಾಲಯದ ಮುಖ್ಯ ಕಚೇರಿಯಿಂದ ಒಂದು ಮೇಲ್ ಬರುತ್ತದೆ. ಕಳೆದ ವರ್ಷ ನಿಮ್ಮ ಘಟಕದಿಂದ ಯಾರ್ಯಾರ ಸಂಶೋಧನಾ ಲೇಖನ ಯಾವ ಯಾವ ಪತ್ರಿಕೆಯಲ್ಲಿ ಅಚ್ಚಾಗಿದೆ, ಪಟ್ಟಿ ಮಾಡಿ ಕಳಿಸಿ ಎಂದು. ಖಾರಘರದ ಗುಡ್ಡದ ಬುಡದಲ್ಲಿರುವ ನಮ್ಮ ಸಣ್ಣ ಘಟಕದಲ್ಲಿ ಆ ಪಟ್ಟಿ ಮಾಡುವುದು ನನ್ನ ಕೆಲಸ. ಯಾರೂ ಅದನ್ನು ಆರ್ಡರ್ ಹೊರಡಿಸಿ ನನಗೆ ವಹಿಸಿದ್ದಲ್ಲ. ಸೇರಿದ ಮೊದಲ ವರ್ಷ ಸಾಹೇಬರು, "ಮೇಡಂ, ನಿಮ್ಮ ಟೈಪಿಂಗಿನಲ್ಲಿ ತಪ್ಪೇ ಇರುವುದಿಲ್ಲ" ಅಂದರು. ಹೊಗಳಿಕೆ ಅಂದುಕೊಂಡೆ. ಅಲ್ಲಿಂದ ಐದು ಏಪ್ರಿಲ್ ಕಳೆದಿವೆ.

ಈ ಐದು ವರ್ಷದಲ್ಲಿ ಬೇರೆಯವರ ಹೆಸರು ಎಷ್ಟೋ ಟೈಪ್ ಮಾಡಿದ್ದೇನೆ. ಆಡಿನ ಹೊಟ್ಟೆಹುಳದ ಮೇಲೆ ಒಬ್ಬರು, ಬೇಸಿಗೆಯಲ್ಲಿ ಕೋಳಿಗೆ ಕೊಡುವ ನೀರಿನ ಮೇಲೆ ಇನ್ನೊಬ್ಬರು, ಬೀದಿನಾಯಿಯ ತುರಿಕಜ್ಜಿಯ ಮೇಲೆ ಇಬ್ಬರು ಕೂಡಿ. ಹೆಸರು, ಶೀರ್ಷಿಕೆ, ಪತ್ರಿಕೆ, ಸಂಪುಟ, ಪುಟ. ಕಾಮಾ ಎಲ್ಲಿ, ಫುಲ್‌ಸ್ಟಾಪ್ ಎಲ್ಲಿ, ಎಲ್ಲ ಬಾಯಿಪಾಠ. ನನ್ನ ಹೆಸರು ಮಾತ್ರ ಒಂದು ಸಲವೂ ಆ ಪಟ್ಟಿಯಲ್ಲಿ ಬಂದಿಲ್ಲ.

ನಾನು ನಮ್ಮ ಮನೆಯ ಮೊದಲ ಪದವೀಧರೆ. ಅಪ್ಪನ ಕಡೆ, ಅಮ್ಮನ ಕಡೆ, ಉಡುಪಿಯಲ್ಲಿ, ಕಲ್ಯಾಣದಲ್ಲಿ, ಎಲ್ಲಿ ಹುಡುಕಿದರೂ ನನಗಿಂತ ಮುಂಚೆ ಹತ್ತನೆಯ ಕ್ಲಾಸು ದಾಟಿದವರಿಲ್ಲ. ನಾನು ದಾಟಿದೆ, ಪಶುವೈದ್ಯೆಯಾದೆ, ಅದರ ಮೇಲೆ ಸ್ನಾತಕೋತ್ತರವನ್ನೂ ಮಾಡಿದೆ. ಇದನ್ನು ನನ್ನ ಬಾಯಿಂದಲೇ ಹೇಳಿಕೊಳ್ಳುತ್ತೇನೆ, ಸಂಕೋಚವಿಲ್ಲ. ಹಾಗಿರುವಾಗ ಹೋದ ವರ್ಷದ ಏಪ್ರಿಲ್‌ನಲ್ಲಿ ಪಟ್ಟಿಯ ಹನ್ನೊಂದನೆಯ ಸಾಲಿಗೆ ಬಂದು ನನ್ನ ಬೆರಳು ನಿಂತದ್ದನ್ನೂ ಸಂಕೋಚವಿಲ್ಲದೆ ಹೇಳಬೇಕು.

ಹನ್ನೊಂದನೆಯ ಸಾಲು ಪಕ್ಕದ ಮೇಜಿನವಳದು. ನನಗಿಂತ ಏಳು ವರ್ಷ ಚಿಕ್ಕವಳು, ಘಟಕಕ್ಕೆ ಬಂದು ಎರಡು ವರ್ಷವೂ ತುಂಬಿರಲಿಲ್ಲ. ಲೇಖನ, ಕಲ್ಯಾಣದ ತಬೇಲಗಳ, ಅಂದರೆ ಹಾಲು ಮಾರುವ ಕೊಟ್ಟಿಗೆಗಳ, ಎಮ್ಮೆಗಳಿಗೆ ಬರುವ ಕೆಚ್ಚಲು ಬಾವಿನ ಬಗ್ಗೆ. ಕಲ್ಯಾಣ ನನ್ನದು. ತಬೇಲ ನನ್ನದು. ಅವಳನ್ನು ಆ ಎಮ್ಮೆಗಳ ಹತ್ತಿರ ಕೈ ಹಿಡಿದು ಕರಕೊಂಡು ಹೋದವಳೂ ನಾನೇ.

ನಾನು ಹತ್ತನೆಯ ಸಾಲಿನ ಕೆಳಗೆ ನೇರ ಹನ್ನೆರಡನೆಯ ಲೇಖನವನ್ನು ಟೈಪ್ ಮಾಡಿ, ಅದಕ್ಕೆ ಹನ್ನೊಂದು ಅಂತ ನಂಬರು ಕೊಟ್ಟೆ.

ತಬೇಲ ಹೇಗೆ ನನ್ನದಾಯಿತು ಅನ್ನುವುದನ್ನು ಹೇಳುತ್ತೇನೆ. ಅಪ್ಪ ಕಲ್ಯಾಣ ಸ್ಟೇಷನ್ನಿನ ಹತ್ತಿರದ ಒಂದು ಉಡುಪಿ ಹೋಟೆಲಿನಲ್ಲಿ ಚಹಾ ಮಾಡುವ ಕೆಲಸಕ್ಕಿದ್ದರು. ಉಡುಪಿ ಹೋಟೆಲು ಅಂದ ಕೂಡಲೇ ಜನ ಗಲ್ಲಾದಲ್ಲಿ ಕೂತವರನ್ನು ನೆನೆಸುತ್ತಾರೆ. ನಮ್ಮ ಅಪ್ಪ ಒಲೆಯ ಮುಂದೆ ನಿಂತವರು. ಹೋಟೆಲಿಗೆ ಹಾಲು ಬರುತ್ತಿದ್ದದ್ದು ಊರಾಚೆ, ಖಾಡಿಯ, ಅಂದರೆ ಕಡಲ ಹಿನ್ನೀರಿನ, ಕಡೆಗಿನ ಎಮ್ಮೆ ತಬೇಲದಿಂದ. ಮಧ್ಯಾಹ್ನ ಹಾಲು ಕರೆಯುವ ಹೊತ್ತಿಗೆ ಅಪ್ಪ ತಾನೇ ಹೋಗಿ ಅಲ್ಲಿ ನಿಲ್ಲುತ್ತಿದ್ದರು. ಹಾಲಿಗೆ ನೀರು ಸೇರುವುದು ದಾರಿಯಲ್ಲಿ ಅಂತ ಅವರ ಅನುಭವ. ಶಾಲೆ ಬಿಟ್ಟ ಮೇಲೆ ನಾನು ಅವರ ಹಿಂದೆ. ಅಪ್ಪ ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಬಿಟ್ಟು ಬೆರಳನ್ನು ಬಾಗಿಸುವರು. ಹನಿ ನಿಂತರೆ ತಲೆಯಾಡಿಸುವರು. ಜಾರಿ ಓಡಿದರೆ ಏನೂ ಹೇಳದೆ ಕ್ಯಾನಿಗೆ ಮುಚ್ಚಳ ಹಾಕಿ ವಾಪಸು ಕೊಡುವರು.

ನನಗೆ ಅಲ್ಲಿ ಮಾಡಲು ಬೇರೇನೂ ಕೆಲಸವಿರಲಿಲ್ಲ. ಕರೆಯುವವರ ಕೈ ನೋಡುತ್ತ ನಿಲ್ಲುತ್ತಿದ್ದೆ. ಎಲ್ಲರೂ ಉತ್ತರದ ಭಯ್ಯಾಗಳು. ತೊಡೆ ಸಂದಿಯಲ್ಲಿ ಬಾಲ್ದಿ ಇಟ್ಟು ಕುಕ್ಕರಗಾಲಲ್ಲಿ ಕೂತರೆ ಎದ್ದು ನಿಲ್ಲುವವರೆಗೆ ಮಾತಿಲ್ಲ. ಎಮ್ಮೆಗೆ ನಾಲ್ಕು ತೊಟ್ಟು. ಅವರು ಮೂರನ್ನು ಕರೆದು ನಾಲ್ಕನೆಯದನ್ನು ಬಿಡುತ್ತಿದ್ದರು. ಕರು ಕಟ್ಟಿದ ಬದಿಯ ಮುಂದಿನ ತೊಟ್ಟು. ಒಂದು ದಿನ ಕೇಳಿದೆ, ಅದನ್ನು ಯಾಕೆ ಕರೆಯುವುದಿಲ್ಲ ಅಂತ. ಬಿಳಿ ಮೀಸೆಯ ಭಯ್ಯಾ ತಲೆಯೆತ್ತದೆ, "ವೋ ಬಚ್ಚೇ ಕಾ ಹೈ, ಬಿಟಿಯಾ" ಅಂದರು. ಅದು ಮರಿಯ ಪಾಲು. ಅದಕ್ಕೆ ಕೈ ಹಾಕಬಾರದು.

ಕೋಣಗರುಗಳು ತಬೇಲದಲ್ಲಿ ಬಹಳ ದಿನ ಬದುಕುವುದಿಲ್ಲ. ಕರು ಹೋದ ಮೇಲೂ ಭಯ್ಯಾನ ಕೈಗೆ ಅದು ಗೊತ್ತಾಗುತ್ತಿರಲಿಲ್ಲ. ಮೂರನ್ನು ಪೂರ್ತಿ ಕರೆದು, ಬಚ್ಚೇ ಕಾ ಅಂದದ್ದನ್ನು ಕೊನೆಗೆ ಎರಡು ಸಲ ಎಳೆದಂತೆ ಮಾಡಿ ಎದ್ದುಬಿಡುವರು. ಇದನ್ನೂ ನಾನು ದಿನಾ ನೋಡುತ್ತಿದ್ದೆ. ನೋಡಿದೆ ಅಷ್ಟೆ.

ಮುಂದೆ ಸ್ನಾತಕೋತ್ತರಕ್ಕೆ ವಿಷಯ ಆರಿಸುವ ಹೊತ್ತು ಬಂದಾಗ ನನಗೆ ಮೊದಲು ನೆನಪಾದದ್ದು ಆ ತೊಟ್ಟು. ಮಾರ್ಗದರ್ಶಕರಿಗೆ ಹೇಳಿದೆ. ಅವರು ಕನ್ನಡಕ ತೆಗೆದು, "ಇದು ಪುಸ್ತಕದಲ್ಲಿಲ್ಲವಲ್ಲ, ಮಾಡು" ಅಂದರು. ಒಂದು ವರ್ಷ ಕಲ್ಯಾಣದ ತಬೇಲಗಳಲ್ಲಿ ತಿರುಗಿದೆ. ಕೈಯಲ್ಲಿ ನಾಲ್ಕು ಬಟ್ಟಲಿನ ಪ್ಲಾಸ್ಟಿಕ್ ತಟ್ಟೆ. ಒಂದೊಂದು ತೊಟ್ಟಿನ ಹಾಲು ಒಂದೊಂದು ಬಟ್ಟಲಿಗೆ, ಮೇಲೆ ನೇರಳೆ ಬಣ್ಣದ ದ್ರಾವಣ, ತಟ್ಟೆಯನ್ನು ಮೆಲ್ಲಗೆ ತಿರುಗಿಸುವುದು. ಹಾಲು ಲೋಳೆಯಾದರೆ ಆ ತೊಟ್ಟಿಗೆ ಬಾವು ಹತ್ತಿದೆ ಅಂತ. ಕರು ಕುಡಿಯುವ ತೊಟ್ಟಿನ ಹಾಲು ಬಹಳ ಕಡೆ ತಿಳಿಯಾಗಿಯೇ ಉಳಿಯಿತು. ಅದೇ ನನ್ನ ಪ್ರಬಂಧ. ಪದವಿ ಬಂತು. ಅಪ್ಪ ಹೋಟೆಲಿನವರಿಗೆಲ್ಲ ತಾನೇ ಚಹಾ ಮಾಡಿ ಕೊಟ್ಟರು, ಸಕ್ಕರೆ ಎರಡರಷ್ಟು ಹಾಕಿ.

ಮಾರ್ಗದರ್ಶಕರು ಅದನ್ನು ಲೇಖನ ಮಾಡಿ ಒಂದು ಪತ್ರಿಕೆಗೆ ಕಳಿಸು ಅಂದು, ದೂರದ ಕಾಲೇಜಿಗೆ ವರ್ಗವಾಗಿ ಹೋದರು. ನಾನು ಬರೆದೆ. ಇಂಗ್ಲಿಷಿನ ಒಂದೊಂದು ವಾಕ್ಯಕ್ಕೂ ಬೆವರು ಸುರಿಸಿದೆ. ಕಳಿಸಿದ ನಾಲ್ಕು ತಿಂಗಳಿಗೆ ಉತ್ತರ ಬಂತು. ಆಗ ನಾವು ಡೊಂಬಿವಲಿಗೆ ಬಂದಾಗಿತ್ತು. ಸ್ಟೇಷನ್ನಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಆ ಮೇಲನ್ನು ಪ್ರಿಂಟ್ ತೆಗೆಸಿದೆ. ಮೂರು ಪುಟ. ಇಬ್ಬರು ಹೆಸರಿಲ್ಲದ ಪರೀಕ್ಷಕರು ನಂಬರು ಹಾಕಿ ಹಾಕಿ ತಪ್ಪು ತೋರಿಸಿದ್ದರು. ಎಮ್ಮೆಗಳ ವಯಸ್ಸು ಯಾಕೆ ಹೇಳಿಲ್ಲ. ಕೊಟ್ಟಿಗೆಯ ನೆಲ ಹೇಗಿತ್ತು. ಈ ಲೆಕ್ಕಾಚಾರದ ವಿಧಾನ ಯಾಕೆ, ಆ ವಿಧಾನ ಯಾಕಲ್ಲ. ಭಾಷೆ ಸುಧಾರಿಸಬೇಕು.

ಅಪ್ಪ ಸಂಜೆ ಮನೆಗೆ ಬಂದು, ಬನಿಯನ್ನಿನಲ್ಲಿ ಕೂತು, "ಎಂತ ಬರೆದಿದ್ದಾರೆ?" ಅಂತ ಕೇಳಿದರು. ಒಂದೊಂದೇ ಕನ್ನಡದಲ್ಲಿ ಹೇಳುತ್ತ ಹೋದೆ. ಒಂಬತ್ತನೆಯದಕ್ಕೆ ಅಪ್ಪ ಕೈ ಎತ್ತಿದರು.

"ಸಾಕು. ಇನ್ನು ಓದುವುದು ಬೇಡ."

"ಯಾಕಪ್ಪ?"

"ನೋಡು ಮಗಳೇ. ಧಣಿ ಚಹಾದಲ್ಲಿ ಒಂದು ತಪ್ಪು ಹೇಳಿದರೆ ಸರಿ ಮಾಡು ಅಂತ. ಮೂರು ತಪ್ಪು ಹೇಳಿದರೆ ಬೇರೆ ಕಡೆ ನೋಡಿಕೋ ಅಂತ. ಹೋಗು ಅಂತ ಅವರ ಬಾಯಿಂದ ಹೇಳಿಸಿಕೊಳ್ಳಬಾರದು. ಮೊದಲೇ ಪೆಟ್ಟಿಗೆ ಕಟ್ಟಬೇಕು. ಇಷ್ಟೊಂದು ಹೇಳಿದ್ದಾರೆ ಅಂದರೆ ನಿನ್ನದು ಅವರಿಗೆ ಬೇಡ."

ಅಪ್ಪ ಹಾಗೆ ಮೂರು ಹೋಟೆಲು ಬಿಟ್ಟವರು. ಮೂರು ಕಡೆಯಲ್ಲೂ ಮರ್ಯಾದೆಯಿಂದ ಹೊರಬಿದ್ದವರು. ನನಗೆ ಅವರ ಮಾತು ನ್ಯಾಯವೇ ಅನ್ನಿಸಿತು. ಉಳಿದ ಎರಡು ಪುಟ ಓದಲಿಲ್ಲ. ಮಾರ್ಗದರ್ಶಕರಿಗೆ ತಿಳಿಸಲು ನಾಚಿಕೆಯಾಯಿತು. ಕಾಗದವನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಪಾಟಿನ ಮೇಲೆ, ಗಣಪತಿ ಹಬ್ಬದ ಥರ್ಮೋಕೋಲಿನ ಹಿಂದೆ ಇಟ್ಟೆ. ಪೆಟ್ಟಿಗೆ ಕಟ್ಟಿದ ಹಾಗೆ.

ಇನ್ನು ಅವಳ ವಿಷಯ. ನಾನು ಡೊಂಬಿವಲಿಯಲ್ಲಿ ಗಾಡಿ ಹತ್ತಿ, ಠಾಣೆಯಲ್ಲಿ ಇಳಿದು, ಪನವೇಲ್ ಲೋಕಲ್ ಹಿಡಿಯುತ್ತೇನೆ. ಠಾಣೆಯ ಪುಲ್ ಮೇಲೆ, ಆ ಮೇಲ್ಸೇತುವೆಯ ನೂಕುನುಗ್ಗಲಿನಲ್ಲಿ, ದಿನಾ ಒಂದು ಯುದ್ಧ. ಅವಳು ನೆರೂಳಿನಲ್ಲಿ ಹತ್ತುತ್ತಾಳೆ, ಸ್ನಾನ ಮಾಡಿ ಬಂದ ಘಮದ ಜೊತೆ. ನೆರೂಳಿನಿಂದ ಖಾರಘರ ಮೂರೇ ಸ್ಟೇಷನ್ನು. ಅಷ್ಟು ಹೊತ್ತಿಗೆ ಲೇಡೀಸ್ ಡಬ್ಬಿ ಖಾಲಿಯಾಗುತ್ತ ಬಂದಿರುತ್ತದೆ, ಅವಳಿಗೆ ಕಿಟಕಿ ಸಿಗುತ್ತದೆ. ಇದನ್ನು ಬರೆಯುವುದು ಸಣ್ಣತನ. ಆದರೆ ಹೊಟ್ಟೆಕಿಚ್ಚು ಶುರುವಾಗುವುದು ಕಿಟಕಿಯಂಥ ಸಣ್ಣದರಿಂದಲೇ.

ಅವಳ ಮನೆಯವರೂ ದಕ್ಷಿಣ ಕನ್ನಡದವರು. ಅಮ್ಮ ಅಲ್ಲೇ ನೆರೂಳಿನ ಕಾಲೇಜಿನಲ್ಲಿ ಪ್ರೊಫೆಸರ್. ಇವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆದರೆ ಉತ್ತರ ಹಿಂದಿಯಲ್ಲಿ ಶುರುವಾಗಿ, ಮರಾಠಿಗೆ ಹೊರಳಿ, ಎಲ್ಲೋ ಒಂದು ಕಡೆ ಕನ್ನಡಕ್ಕೆ ಬಂದು ನಿಲ್ಲುತ್ತದೆ. ಮೊದಲ ದಿನವೇ ನನ್ನನ್ನು "ಅಕ್ಕ" ಅಂದಳು. ಹಾಗೆ ಕರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ನನಗೆ ಮಾತ್ರ ಅದು ನನ್ನನ್ನು ಒಂದು ಮೆಟ್ಟಿಲು ಪಕ್ಕಕ್ಕೆ ಸರಿಸಿ ದಾರಿ ಮಾಡಿಕೊಂಡ ಹಾಗೆ ಕೇಳಿಸಿತು.

ಅವಳಿಗೆ ತಬೇಲ ಗೊತ್ತಿರಲಿಲ್ಲ. ನಾನೇ ಕಲ್ಯಾಣಕ್ಕೆ ಕರೆದುಕೊಂಡು ಹೋದೆ. ಬಿಳಿ ಮೀಸೆಯ ಭಯ್ಯಾನಿಗೆ ಈಗ ಮೀಸೆಯೂ ಇಲ್ಲ, ಹಲ್ಲೂ ಇಲ್ಲ. ಆದರೂ ಖಾಟಿನ ಮೇಲೆ ಕೂತು ಎಲ್ಲರಿಗೂ ಹುಕುಂ ಕೊಡುತ್ತಾರೆ. ನನ್ನನ್ನು ನೋಡಿ, "ಚಾಯ್‌ವಾಲೇ ಕೀ ಬಿಟಿಯಾ ಆಯೀ" ಅಂದರು, ಚಹಾದವನ ಮಗಳು ಬಂದಳು ಅಂತ. ಅವಳನ್ನು ನೋಡಿ, "ಆಯಿಯೇ ಡಾಕ್ಟರ್ ಸಾಬ್" ಅಂದರು. ಇಬ್ಬರೂ ಡಾಕ್ಟರೇ. ನನ್ನ ಪದವಿ ಅವಳದಕ್ಕಿಂತ ಹಳೆಯದು. ಅವಳು ನಕ್ಕು, "ಬಾಬಾ, ಇವರು ನನಗಿಂತ ಸೀನಿಯರ್" ಅಂತ ಹಿಂದಿಯಲ್ಲಿ ಹೇಳಿದಳು. ಅವಳು ಹೇಳಬಾರದಿತ್ತು. ನಾನೇ ಹೇಳಬೇಕಾದ್ದನ್ನು ಬೇರೆಯವರು ಹೇಳಿದರೆ ಅದು ದಾನದ ಹಾಗೆ ಆಗುತ್ತದೆ.

ಬರುವಾಗ ಗಾಡಿಯಲ್ಲಿ ಅವಳಿಗೆ ಕರುವಿನ ಪಾಲಿನ ಕಥೆ ಹೇಳಿದೆ. ಕರು ಸತ್ತ ಮೇಲೆ ಕೈ ಅದೇ ಅಭ್ಯಾಸದಲ್ಲಿ ನಡೆಯುವುದನ್ನೂ ಹೇಳಿದೆ. ಅವಳು ಕಿವಿಯ ವೈರ್ ತೆಗೆದು ಕೂತು ಕೇಳಿದಳು. "ಮತ್ತೆ ಆ ತೊಟ್ಟಿನಲ್ಲಿ ಹಾಲು ಒಳಗೇ ಉಳಿಯುತ್ತಲ್ಲ ಅಕ್ಕ?" ಅಂದಳು. "ಉಳಿಯುತ್ತೆ" ಅಂದೆ. ಅಷ್ಟೇ ಮಾತು. ಠಾಣೆ ಬಂದಿತ್ತು, ಗಾಡಿ ಬದಲಿಸಿದೆವು.

ಆಮೇಲೆ ಅವಳು ಒಬ್ಬಳೇ ತಿಂಗಳುಗಟ್ಟಲೆ ಕಲ್ಯಾಣಕ್ಕೆ ಹೋಗಿ ಬಂದಳು. ಕರು ಇಲ್ಲದ ಎಮ್ಮೆಗಳನ್ನು ಮಾತ್ರ ನೋಡಿದಳು. ಅರ್ಧ ಕರೆದು ಬಿಟ್ಟ ಆ ತೊಟ್ಟಿನಲ್ಲಿ, ಉಳಿದ ಹಾಲಿನಿಂದಾಗಿ, ಬಾವು ಹೆಚ್ಚು ಅಂತ ತೋರಿಸಿದಳು. ನನ್ನ ಪ್ರಬಂಧ ಹೇಳಿದ್ದು, ಕರುವಿಗೆ ಬಿಟ್ಟ ತೊಟ್ಟು ಚೆನ್ನಾಗಿರುತ್ತದೆ. ಅವಳ ಲೇಖನ ಹೇಳಿದ್ದು, ಕರುವೇ ಇಲ್ಲದಿದ್ದರೆ ಅದೇ ತೊಟ್ಟು ಮೊದಲು ಕೆಡುತ್ತದೆ. ನಾನು ಆರನೆಯ ಕ್ಲಾಸಿನಿಂದ ನೋಡಿದ್ದನ್ನು ಅವಳು ಒಂದು ಮಳೆಗಾಲದಲ್ಲಿ ಕಂಡಳು. ಅವಳು ಕದ್ದಳು ಅಂತ ಮನಸ್ಸಿನಲ್ಲೇ ನೂರು ಸಲ ಅಂದುಕೊಂಡೆ. ಒಳಗೆ ಇನ್ನೊಂದು ದನಿ, ಕದಿಯಲು ನೀನು ಅದನ್ನು ಎಲ್ಲಿ ಇಟ್ಟಿದ್ದೆ ಅಂತ ಕೇಳುತ್ತಿತ್ತು.

ಹೀಗೆ ಹನ್ನೊಂದನೆಯ ಸಾಲು ನನ್ನ ಪಟ್ಟಿಯಿಂದ ಬಿಟ್ಟುಹೋಯಿತು. ಕಳಿಸಲು ಇನ್ನೂ ನಾಲ್ಕು ದಿನ ಇತ್ತು. ಯಾರಾದರೂ ಕೇಳಿದರೆ ಕಣ್ತಪ್ಪಿತು ಅನ್ನುವುದು ಅಂತ ಲೆಕ್ಕ ಹಾಕಿದ್ದೆ. ತಪ್ಪೇ ಇಲ್ಲದ ಟೈಪಿಂಗಿನವಳಿಗೆ ಐದು ವರ್ಷಕ್ಕೊಂದು ಕಣ್ತಪ್ಪು ಇರಬಾರದೇ?

ಮಾರನೆಯ ಬೆಳಿಗ್ಗೆ ನೆರೂಳಿನಲ್ಲಿ ಅವಳು ಪೇಡೆಯ ಡಬ್ಬಿ ಹಿಡಿದು ಹತ್ತಿದಳು. ಗಾಡಿಯ ಕಾಯಂ ಹೆಂಗಸರನ್ನೆಲ್ಲ ದಾಟಿ ಬಂದು, ನನ್ನ ಎದುರು ಕೂತಳು.

"ಅಕ್ಕ, ಪಹಲೇ ಆಪ್. ನಿಮ್ಮ ಕಲ್ಯಾಣದ್ದೇ ಪೇಪರ್."

ಪೇಡೆ ಬಾಯಿಗೆ ಹಾಕಿಕೊಂಡೆ. ಕರಗಲಿಲ್ಲ. "ನಿಂಗೇನು ಮಾರಾಯ್ತಿ," ಅಂದೆ, "ಒಂದೇ ಸಲಕ್ಕೆ ತಗೊಂಡರು. ಎಲ್ಲರಿಗೂ ಆ ಯೋಗ ಇರುವುದಿಲ್ಲ."

ಅವಳು ಜೋರಾಗಿ ನಕ್ಕಳು. ಪಕ್ಕದಲ್ಲಿ ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಹೆಂಗಸು ತಿರುಗಿ ನೋಡಿದಳು.

"ಒಂದೇ ಸಲಕ್ಕಾ? ಅಕ್ಕ, ಐದು ಪುಟ ಬೈದಿದ್ದಾರೆ ನನಗೆ. ನೋಡಿ ತೋ ಸಹೀ." ಫೋನು ತೆಗೆದು ಕೈಗೆ ಕೊಟ್ಟಳು.

ಸೀವುಡ್ಸಿನಿಂದ ಬೇಲಾಪುರದವರೆಗೆ ಓದಿದೆ. ನನಗೆ ಬರೆದಿದ್ದ ಹಾಗೆಯೇ ನಂಬರು ಹಾಕಿ ಹಾಕಿ. ನನಗೆ ಭಾಷೆ ಸುಧಾರಿಸಬೇಕು ಅಂದಿದ್ದರು. ಇವಳಿಗೆ, ನಾಲ್ಕನೆಯ ಭಾಗ ಪೂರ್ತಿ ಹೊಸದಾಗಿ ಬರೆಯಬೇಕು, ಈಗಿನದು ಓದಲು ಆಗುವುದಿಲ್ಲ ಅಂದಿದ್ದರು. ನನ್ನದಕ್ಕಿಂತ ಕಟುವಾಗಿತ್ತು. ಪೇಡೆ ಇನ್ನೂ ಬಾಯಲ್ಲೇ ಇತ್ತು.

"ಇಷ್ಟು ಹೇಳಿಸಿಕೊಂಡ ಮೇಲೂ ಮತ್ತೆ ಅವರಿಗೇ ಕಳಿಸಿದ್ಯಾ? ನಾಚಿಕೆ ಆಗಲಿಲ್ವಾ?"

"ನಾಚಿಕೆ ಕಾಯ್‌ಕೋ? ಬೇಡ ಅಂದ್ರೆ ಎರಡೇ ಸಾಲು ಬರೀತಾರೆ ಅಕ್ಕ. ಥ್ಯಾಂಕ್ಯೂ, ಬೇರೆ ಕಡೆ ಕಳಿಸಿ, ಅಂತ. ನಾನೂ ಮೊದಲು ಅತ್ತೆ. ಅಮ್ಮ ಹೇಳಿದ್ರು, ಹುಚ್ಚಿ, ಯಾರೋ ಕೂತು ಐದು ಪುಟ ಬರೆದಿದ್ದಾರೆ ಅಂದ್ರೆ ಅವರಿಗೆ ಅದು ಬೇಕು ಅಂತ. ಒಂದೊಂದಕ್ಕೂ ಉತ್ತರ ಬರಿ, ಕಳಿಸು. ಎಲ್ಲರೂ ಹಂಗೇ ಮಾಡ್ತಾರೆ." ಆಮೇಲೆ ನನ್ನ ಮುಖ ನೋಡಿ, "ನಿಮಗೆ ಗೊತ್ತಿರುತ್ತಲ್ಲ ಅಕ್ಕ" ಅಂದಳು.

ನನಗೆ ಗೊತ್ತಿರಲಿಲ್ಲ. ಮೂವತ್ತಾರು ವರ್ಷ ವಯಸ್ಸು, ಎರಡು ಪದವಿ, ಗೊತ್ತಿರಲಿಲ್ಲ. ಪ್ರತಿ ವರ್ಷ ಪಟ್ಟಿ ಮಾಡುತ್ತ ಬಂದವಳು, ಆ ಸಾಲುಗಳೆಲ್ಲ ಹೀಗೆ ಬೈಸಿಕೊಂಡೇ ಬಂದವು ಅನ್ನುವುದು ಗೊತ್ತಿರಲಿಲ್ಲ. ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ಆದರೆ ಗೊತ್ತಿಲ್ಲ ಅಂತ ಗೊತ್ತಿದ್ದರೆ ತಾನೇ ಕೇಳುವುದು.

ಅಲ್ಲಿಯವರೆಗೆ ನನ್ನ ಹೊಟ್ಟೆಕಿಚ್ಚು ಅವಳ ಲೇಖನದ ಮೇಲಿತ್ತು. ಖಾರಘರದಲ್ಲಿ ಇಳಿಯುವ ಹೊತ್ತಿಗೆ ಅದು ಅವಳ ಅಮ್ಮನ ಮೇಲೆ ಹೋಗಿ ಕೂತಿತು. ಅವಳ ಊಟದ ಮೇಜಿನ ಮೇಲೆ ಪಲ್ಯದ ಪಾತ್ರೆಯ ಪಕ್ಕದಲ್ಲಿ ಸಿಕ್ಕ ಒಂದು ಮಾತು, ನನಗೆ ಆರು ವರ್ಷ ತಡವಾಗಿ, ಓಡುವ ಗಾಡಿಯಲ್ಲಿ, ಅವಳ ಬಾಯಿಂದ ಸಿಕ್ಕಿತು. ಕಿಟಕಿ, ಘಮ, ಡಾಕ್ಟರ್ ಸಾಬ್, ಎಲ್ಲ ಬಿಟ್ಟುಕೊಡಬಲ್ಲೆ. ಅದೊಂದು ಮಾತನ್ನು ಬಿಟ್ಟುಕೊಡಲಾರೆ. ಇವತ್ತಿಗೂ.

ಆ ಸಂಜೆ ಕಪಾಟಿನ ಮೇಲಿನ ಚೀಲ ಇಳಿಸಿದೆ. ಥರ್ಮೋಕೋಲಿನ ಪುಡಿ ತಲೆಯ ಮೇಲೆ ಉದುರಿತು. ಓದದೆ ಬಿಟ್ಟಿದ್ದ ಎರಡು ಪುಟ ಓದಿದೆ. ಕೊನೆಯ ಪುಟದ ಕೊನೆಗೆ ಸಂಪಾದಕರು ಬರೆದಿದ್ದರು: ವಿಷಯ ಹೊಸದು, ತಿದ್ದಿದ ಪ್ರತಿಯನ್ನು ಎಂಟು ವಾರದೊಳಗೆ ಎದುರು ನೋಡುತ್ತೇವೆ.

ಅಪ್ಪ ಟೀವಿ ಸಣ್ಣ ಮಾಡಿ, "ಅದೆಂತ, ಹಳೇ ಕಾಗದ?" ಅಂದರು. ಅವರು ಈಗ ಹೋಟೆಲಿಗೆ ಹೋಗುವುದಿಲ್ಲ, ಆದರೆ ಮನೆಯ ಚಹಾ ಅವರದೇ.

ಹೇಳಿದೆ. ಮುಚ್ಚಿಡಬೇಕು ಅಂತ ಅಂದುಕೊಂಡಿದ್ದೆ, ಆಗಲಿಲ್ಲ. ಎಂಟು ವಾರದ ಸಾಲನ್ನು ಎರಡು ಸಲ ಕನ್ನಡದಲ್ಲಿ ಹೇಳಿಸಿಕೊಂಡರು.

"ಅಷ್ಟು ತಪ್ಪು ಹೇಳಿ, ಮತ್ತೆ ಬಾ ಅಂತಾರಾ?"

"ಹೌದಂತೆ."

"ಒಳ್ಳೆ ಧಣಿಗಳು." ಟೀವಿಯನ್ನು ಪೂರ್ತಿ ಆರಿಸಿದರು. "ನೀನು ನನ್ನನ್ನು ಕೇಳಬಾರದಿತ್ತು."

"ಮತ್ತೆ ಯಾರನ್ನು ಕೇಳಬೇಕಿತ್ತಪ್ಪ?"

ಅಪ್ಪ ಎದ್ದು ಹೋಗಿ ಚಹಾಕ್ಕೆ ನೀರಿಟ್ಟರು. ಹಾಲಿನ ಪ್ಯಾಕೆಟ್ ಕತ್ತರಿಸಿ, ಉಗುರಿನ ಮೇಲೆ ಒಂದು ಹನಿ ಬಿಟ್ಟು ನೋಡಿದರು. ಪ್ಯಾಕೆಟ್ ಹಾಲಿಗೂ ಅವರು ಅದನ್ನು ಬಿಟ್ಟಿಲ್ಲ.

ಮರುದಿನ ಕಚೇರಿಗೆ ಹೋಗಿ ಹನ್ನೊಂದನೆಯ ಸಾಲನ್ನು ಸೇರಿಸಿದೆ. ಒಳ್ಳೆಯತನದಿಂದ ಮಾಡಿದೆ ಅಂತ ಯಾರೂ ತಿಳಿಯುವುದು ಬೇಡ. ಪುಟದ ಸಂಖ್ಯೆ ನೋಡಲು ಅವಳ ಲೇಖನವನ್ನು ತೆರೆದಿದ್ದೆ. ಅಲ್ಲಿಯವರೆಗೆ ಅವಳ ಹೆಸರಿನಾಚೆಗೆ ಒಂದು ಸಾಲೂ ಓದಿರಲಿಲ್ಲ. ಕೊನೆಯ ಪುಟದಲ್ಲಿ, ಆಧಾರವಾಗಿ ಬಳಸಿದ ಬರಹಗಳ ಸಾಲಿನಲ್ಲಿ, ನನ್ನ ಹೆಸರಿತ್ತು. ನನ್ನ ಹೆಸರು, ಪ್ರಬಂಧದ ಶೀರ್ಷಿಕೆ, ಪಕ್ಕದಲ್ಲಿ ಅಪ್ರಕಟಿತ ಅಂತ. ಗ್ರಂಥಾಲಯದ ಕಪಾಟಿನಿಂದ ನನ್ನ ಪ್ರಬಂಧವನ್ನು ಯಾರಾದರೂ ತೆಗೆದು ಓದಿದ್ದಾರೆ ಅಂತ ನನಗೆ ಅದುವರೆಗೆ ಗೊತ್ತಿರಲಿಲ್ಲ. ಸಂತೋಷವಾಗಬೇಕಿತ್ತು. ಆದದ್ದು ಸಿಟ್ಟು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಇದ್ದ ಒಂದೇ ಕಾರಣವನ್ನೂ ಅವಳು ಕಿತ್ತುಕೊಂಡಳಲ್ಲ ಅಂತ.

ಆ ಮಳೆಗಾಲ ನಾನು ಮತ್ತೆ ತಬೇಲಕ್ಕೆ ಹೋದೆ. ಆರು ವರ್ಷ ಹಳೆಯ ಅಂಕಿಗಳನ್ನು ಈಗ ಯಾರೂ ಒಪ್ಪುವುದಿಲ್ಲ. ರಜೆಯ ದಿನ, ಅರ್ಧ ರಜೆಯ ದಿನ, ಮಧ್ಯಾಹ್ನದ ಹಾಲಿನ ಹೊತ್ತಿಗೆ ನಾಲ್ಕು ಬಟ್ಟಲಿನ ತಟ್ಟೆ ಹಿಡಿದು ಕೂತೆ. ಖಾಟಿನ ಮೇಲಿನ ಭಯ್ಯಾ, "ನೀವಿಬ್ಬರೂ ಬಾರಿ ಬಾರಿ ಬಂದು ಅದೇ ತೊಟ್ಟು ನೋಡುತ್ತೀರಲ್ಲ, ಅದರಲ್ಲಿ ಚಿನ್ನ ಇದೆಯಾ?" ಅಂತ ಹಿಂದಿಯಲ್ಲಿ ಕೇಳಿದರು. ಕರೆಯುವವರೆಲ್ಲ ನಕ್ಕರು. ಒಬ್ಬ, "ಚಿನ್ನ ಇದ್ದಿದ್ದರೆ ಬಚ್ಚೇಗೆ ಬಿಡುತ್ತಿದ್ವಾ, ಬಾಬಾ" ಅಂದ.

ಹಳೆಯ ಪತ್ರದ ಒಂದೊಂದು ತಪ್ಪನ್ನೂ ಎದುರಿಗಿಟ್ಟುಕೊಂಡು ತಿದ್ದಿದೆ. ಎಮ್ಮೆಯ ವಯಸ್ಸು ಬರೆದೆ. ಕೊಟ್ಟಿಗೆಯ ನೆಲ ಬರೆದೆ. ಪಕ್ಕದ ಮೇಜಿನಿಂದ ಅವಳು, "ಅಕ್ಕ, ಕಳಿಸೋ ಮೊದಲು ನಾನು ಒಮ್ಮೆ ಓದಲಾ?" ಅಂದಳು. ಬೇಡ ಅಂದೆ. ಬೇಡ ಅಂದದ್ದಷ್ಟೇ ಅಲ್ಲ. ಕೊನೆಯ ಪುಟದಲ್ಲಿ ಆಧಾರಗಳನ್ನು ಬರೆಯುವಾಗ ಅವಳ ಲೇಖನವನ್ನು ಬಿಟ್ಟೆ. ನಾನು ಅವಳಿಗಿಂತ ಮೊದಲೇ ಕಂಡದ್ದು, ಅವಳ ಹೆಸರು ಯಾಕೆ ಬೇಕು ಅಂತ ನನಗೇ ಒಂದು ವಾದ ಹೂಡಿದೆ. ಪಟ್ಟಿಯಿಂದ ಕಿತ್ತ ಹೆಸರನ್ನು ಅಲ್ಲಿ ಮತ್ತೆ ಹಾಕಿದ್ದೆನಲ್ಲ, ಇಲ್ಲಿ ಬಿಟ್ಟರೆ ಸರಿಹೋಯಿತು ಅನ್ನುವ ಹಾಗೆ. ಹಾಗೆಯೇ ಪತ್ರಿಕೆಗೆ ಕಳಿಸಿಬಿಟ್ಟೆ.

ಈ ವರ್ಷದ ಏಪ್ರಿಲ್ ಬಂತು. ಪಟ್ಟಿ ಮಾಡಿದೆ. ಅವಳ ಹೆಸರು ಎರಡು ಸಲ ಬಂತು, ಮತ್ತೆರಡು ಲೇಖನ ಅಚ್ಚಾಗಿದ್ದವು. ಎರಡೂ ಸಲ ಸರಿಯಾಗಿ ಟೈಪ್ ಮಾಡಿದೆ. ಕಳಿಸಿ ಉತ್ತರಕ್ಕೆ ಕಾಯುವವರಿಗೆ ಪಟ್ಟಿಯಲ್ಲಿ ಜಾಗವಿಲ್ಲ.

ಉತ್ತರ ಬಂದದ್ದು ಹೋದ ತಿಂಗಳು. ಫೋನಿನಲ್ಲೇ ಬಂತು. ಆದರೂ ಡೊಂಬಿವಲಿಯಲ್ಲಿ ಇಳಿದು ಅದೇ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಮನೆಗೆ ಹೋದೆ. ಬಾಗಿಲು ತೆಗೆದವರು ಅಪ್ಪ. ಕೈಯಲ್ಲಿನ ಕಾಗದ ನೋಡಿ, "ಎಷ್ಟು ಪುಟ?" ಅಂದರು.

"ನಾಲ್ಕು."

"ಒಳ್ಳೆದಾಯಿತು," ಅಂದರು. ಚಹಾಕ್ಕೆ ನೀರಿಡಲು ಹೋದರು. ಒಳಗಿನಿಂದಲೇ, "ಒಂದನೆಯದು ಎಂತ ಬರೆದಿದ್ದಾರೆ, ಓದು" ಅಂತ ಕೂಗಿದರು.

ಓದಿದೆ. ಇದೇ ಪ್ರದೇಶದ ತಬೇಲಗಳಲ್ಲಿ, ಇದೇ ತೊಟ್ಟಿನ ಬಗ್ಗೆ ಇತ್ತೀಚೆಗೆ ಒಂದು ಮುಖ್ಯ ಲೇಖನ ಬಂದಿದೆ. ಲೇಖಕಿ ಅದನ್ನು ಯಾಕೆ ಪ್ರಸ್ತಾಪಿಸಿಲ್ಲ? ಕೆಳಗೆ ಅವಳ ಪೂರ್ತಿ ಹೆಸರು.

"ಯಾರದು ಅದು ಲೇಖನ?" ಅಪ್ಪ ಒಳಗಿನಿಂದ ಕೇಳಿದರು.

"ನಮ್ಮ ಆಫೀಸಿನವಳದು. ನೆರೂಳಿನವಳು."

"ಅವಳು ನಿನ್ನ ಹೆಸರು ಹಾಕಿದ್ದಾಳೆ ಅಂದಿದ್ದೆಯಲ್ಲ. ನೀನು ಹಾಕಲಿಲ್ವಾ?"

ಒಳಗಿನಿಂದ ಲೋಟಗಳ ಸದ್ದು ಕೇಳಿಸಿತು.

ಕಂಪ್ಯೂಟರ್ ತೆರೆದೆ. ಒಂದನೆಯ ಆಕ್ಷೇಪಕ್ಕೆ ಉತ್ತರ ಅಂತ ಬರೆದು, ಅದರ ಕೆಳಗೆ ಅವಳ ಹೆಸರು, ಶೀರ್ಷಿಕೆ, ಪತ್ರಿಕೆ, ಸಂಪುಟ, ಪುಟ ಹಾಕಿದೆ. ಯಾವ ಪುಸ್ತಕವನ್ನೂ ತೆರೆದು ನೋಡಬೇಕಾಗಲಿಲ್ಲ. ಅಷ್ಟು ಬಾಯಿಪಾಠವಾಗಿತ್ತು ನನಗೆ ಆ ಸಾಲು. ಒಳಗೆ ಉರಿಯುತ್ತಲೇ ಇತ್ತು. ಟೈಪಿಂಗಿನಲ್ಲಿ ತಪ್ಪಿರಲಿಲ್ಲ. ಅಪ್ಪ ಚಹಾ ತಂದು ಪಕ್ಕದಲ್ಲಿಟ್ಟು, "ಎರಡನೆಯದು?" ಅಂದರು.